ಓ.ಟಿ. ಲೆಕ್ಕ ಬರುವ ಹುಡುಗ ಶೇಕಡಾವಾರಿನಲ್ಲಿ ಏಕೆ ತಡವರಿಸುತ್ತಾನೆ?

ಪ್ರಶ್ನೆ: ವಿರಾಜಪೇಟೆ ಕಡೆ ನಮ್ಮದು ಸಣ್ಣ ರೊಬಸ್ಟಾ ತೋಟ. ಮಗ ಒಂಬತ್ತನೇ ತರಗತಿ. ಕಾಫಿ ವ್ಯಾಪಾರಿ ಬಂದರೆ ಓ.ಟಿ. (ಔಟ್‌ಟರ್ನ್, ಅಂದರೆ ಒಣ ಕಾಫಿಯಲ್ಲಿ ಸಿಗುವ ಬೀಜದ ಪಾಲು) ಲೆಕ್ಕವನ್ನು ನನಗಿಂತ ಮೊದಲು ಬಾಯಲ್ಲೇ ಹೇಳುತ್ತಾನೆ. ಪಾಠದ ಕೊನೆಯ ಅಭ್ಯಾಸಗಳನ್ನೂ ತಪ್ಪಿಲ್ಲದೆ ಮಾಡುತ್ತಾನೆ. ಆದರೆ ಪರೀಕ್ಷೆಯಲ್ಲಿ ಶೇಕಡಾವಾರಿನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಪೆನ್ನು ಕೆಳಗಿಡುತ್ತಾನೆ. ವಿಚಾರಿಸಿದರೆ ‘ಇದನ್ನು ನಮಗೆ ಹೇಳಿಕೊಟ್ಟಿಲ್ಲ’ ಎನ್ನುತ್ತಾನೆ. ಅಬ್ಯಾಕಸ್ ಅಥವಾ ಚೆಸ್ ತರಗತಿಗೆ ಸೇರಿಸಿದರೆ ಬುದ್ಧಿ ಚುರುಕಾಗುತ್ತದೆಯೇ? ಅವನನ್ನು ಬಯ್ಯಲು ನನಗೂ ಬಾಯಿಲ್ಲ. ಸೋಮವಾರಪೇಟೆ ಕಡೆಯ ಅರೇಬಿಕಾ ತೋಟದಲ್ಲಿ ವರ್ಷಗಟ್ಟಲೆ ದುಡಿದು ಕಲಿತದ್ದು ಇಲ್ಲಿಗೆ ಬಂದ ಮೇಲೆ ಕೆಲವು ಕಡೆ ಕೈಕೊಟ್ಟಿದೆ.
— ಒಬ್ಬ ಬೆಳೆಗಾರ

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣಿಗೆ ಆ ಪ್ರಶ್ನೆ ನಿಜವಾಗಿಯೂ ಹೊಸದು. ಗೊತ್ತಿರುವ ಲೆಕ್ಕವೇ ಬೇರೆ ವೇಷದಲ್ಲಿ ಬಂದಿದೆ ಎಂಬುದು ನಿಮಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಇದಕ್ಕೆ ಸೋಮಾರಿತನ ಎಂದೋ ದಡ್ಡತನ ಎಂದೋ ಹೆಸರಿಡುವ ಚಟ ಮನೆಯಲ್ಲೂ ಇದೆ, ಶಾಲೆಯಲ್ಲೂ ಇದೆ. ಚೀಲದ ಬೆಲೆಯನ್ನು ಬಾಯಲ್ಲೇ ಹೇಳುವ ಹುಡುಗನನ್ನು ದಡ್ಡ ಎನ್ನಲು ಧೈರ್ಯ ಬೇಕು.

ಕಾಫಿ ನಾಡಿನ ಹೊರಗಿರುವ ಓದುಗರಿಗಾಗಿ ಒಂದು ಮಾತು. ಒಂದು ಚೀಲ, ಅಂದರೆ 50 ಕಿಲೋ ಚೆರಿ ಕಾಫಿಯ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ) ಹೊಟ್ಟು ತೆಗೆದಾಗ ಎಷ್ಟು ಕಿಲೋ ಬೀಜ ಉಳಿಯುತ್ತದೆಯೋ ಅದೇ ಆ ಕಾಫಿಯ ಓ.ಟಿ. ಬೀಜ 27 ಕಿಲೋ ಬಂದರೆ ಓ.ಟಿ. 27. ವ್ಯಾಪಾರಿ ಮಾದರಿ ತೆಗೆದು, ಹೊಟ್ಟು ಬಿಡಿಸಿ, ತೂಗಿ ಓ.ಟಿ. ಹೇಳುತ್ತಾನೆ; ದರ ಪಾಯಿಂಟಿಗೆ ಇಷ್ಟು ಎಂದು. ಲೆಕ್ಕದ ಸಲುವಾಗಿ ಪಾಯಿಂಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 10,800 ರೂಪಾಯಿ. ವ್ಯಾಪಾರಿ 27ರ ಬದಲು 26 ಎಂದುಬಿಟ್ಟರೆ ಚೀಲಕ್ಕೆ 400 ಖೋತಾ, 60 ಚೀಲಕ್ಕೆ 24,000. ಇಷ್ಟು ಹಣ ಕಣ್ಣೆದುರೇ ಸೋರಿಹೋಗುವ ಲೆಕ್ಕವನ್ನು ತೋಟದ ಮನೆಯ ಮಕ್ಕಳು ಬೇಗ ಕಲಿಯದೆ ಇರುತ್ತಾರೆಯೇ?

ಈಗ ಪರೀಕ್ಷೆಯಲ್ಲಿ ಬರಬಹುದಾದ ಒಂದು ಪ್ರಶ್ನೆ ನೋಡಿ. 80 ಕಿಲೋ ಅದಿರಿನಿಂದ 36 ಕಿಲೋ ಲೋಹ ದೊರೆಯುತ್ತದೆ. ಲೋಹದ ಪ್ರಮಾಣ ಶೇಕಡಾ ಎಷ್ಟು? ಅದೇ ಅದಿರು 350 ಕಿಲೋ ಇದ್ದರೆ ಲೋಹ ಎಷ್ಟು? ಉತ್ತರ ಶೇ 45 ಮತ್ತು 157.5 ಕಿಲೋ. ಅದಿರನ್ನು ಚೆರಿ ಎಂದೂ ಲೋಹವನ್ನು ಬೀಜ ಎಂದೂ ಓದಿಕೊಂಡರೆ ಇದು ಓ.ಟಿ. ಲೆಕ್ಕವೇ. ಈ ಅದಿರಿನ ಓ.ಟಿ. 22.5, ಅಷ್ಟೇ. ಹೀಗೆ ಹೇಳಿದರೆ ನಿಮ್ಮ ಮಗ ನಗುತ್ತಾನೆ, ಮರುಕ್ಷಣ ಲೆಕ್ಕವನ್ನೂ ಮುಗಿಸುತ್ತಾನೆ. ಯಾರೂ ಹೇಳದಿದ್ದರೆ ಮಾತ್ರ ಅದಿರಿನ ಮುಂದೆ ಕುಳಿತ ಅವನಿಗೆ ಕಾಫಿ ಕಣದ ನೆನಪೇ ಆಗುವುದಿಲ್ಲ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಕುರಿತ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸಂಶೋಧಕರು ಗಿರಾಕಿಗಳಂತೆ ಹೋಗಿ ಕೇಳಿದಾಗ ಮಕ್ಕಳು ಹೇಳಿದ ಲೆಕ್ಕಗಳಲ್ಲಿ ಶೇ 98ರಷ್ಟು ಸರಿ. ಅದೇ ಸಂಖ್ಯೆಗಳನ್ನು ಶಾಲೆಯ ಮಾದರಿಯಲ್ಲಿ, ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರ ಶೇ 37ಕ್ಕೆ ಇಳಿಯಿತು. 12 ವರ್ಷದ ಹುಡುಗನೊಬ್ಬನನ್ನು, ತಲಾ 35ರ ಹತ್ತು ತೆಂಗಿನಕಾಯಿಗೆ ಎಷ್ಟು ಎಂದು ಕೇಳಿದರು. ಅವನು ಮೂರು ಕಾಯಿಗೆ 105, ಇನ್ನೂ ಮೂರಕ್ಕೆ 210, ಮತ್ತೆ ಮೂರಕ್ಕೆ 315, ಉಳಿದ ಒಂದಕ್ಕೆ 35 ಎಂದು ಕೂಡಿಸುತ್ತಾ ಹೋಗಿ 350 ಮುಟ್ಟಿದ. ಹತ್ತರಿಂದ ಗುಣಿಸಲು ಸೊನ್ನೆ ಹಾಕಿದರೆ ಸಾಕು ಎಂಬ ಶಾಲೆಯ ಪಾಠ ಆ ತೆಂಗಿನಕಾಯಿಯ ಹತ್ತಿರಕ್ಕೂ ಸುಳಿಯಲಿಲ್ಲ. ನಮ್ಮ ದೇಶದಲ್ಲೇ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಪರೀಕ್ಷಿಸಿದ್ದಾರೆ. 2025ರಲ್ಲಿ ಅದು ಪ್ರಕಟವಾಗಿದೆ. ಅಲ್ಲಿ ಎರಡೂ ಕಡೆಯ ಕೊರತೆ ಕಂಡಿತು. ಮಾರುಕಟ್ಟೆಯ ಮಕ್ಕಳಿಗೆ ಪುಸ್ತಕದ ಲೆಕ್ಕ ಕಷ್ಟ, ಶಾಲೆಯ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಕಷ್ಟ. ‘ಬೀದಿಯಲ್ಲಿ ಕಲಿತದ್ದೇ ನಿಜವಾದ ವಿದ್ಯೆ’ ಎಂದು ಭಾಷಣ ಮಾಡುವವರು ಈ ಎರಡನೇ ಅಧ್ಯಯನವನ್ನು ಸ್ವಲ್ಪ ಗಮನಿಸಬೇಕು.

ಶಿಕ್ಷಣಶಾಸ್ತ್ರದಲ್ಲಿ ಇದಕ್ಕೆ ಕಲಿಕೆಯ ವರ್ಗಾವಣೆ ಎನ್ನುತ್ತಾರೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿಯೇ ದಾಟುತ್ತದೆ ಎಂದು ಬಹಳ ಕಾಲ ನಂಬಿದ್ದರು. ದಾಟುವುದು ಎಷ್ಟು ಕಷ್ಟ ಎಂಬುದನ್ನು ಚೆನ್ನಾಗಿ ತೋರಿಸಿದವರು ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್; ವರ್ಷ 1980. ಅವರು ಕಾರ್ಲ್ ಡಂಕರ್ ಎಂಬ ಮನೋವಿಜ್ಞಾನಿಯ ಹಳೆಯ ಸಮಸ್ಯೆಯೊಂದನ್ನು ಎತ್ತಿಕೊಂಡರು. ರೋಗಿಯ ಹೊಟ್ಟೆಯಲ್ಲಿ ಗೆಡ್ಡೆ ಇದೆ, ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ತೀವ್ರವಾದ ಕಿರಣ ಬಿಟ್ಟರೆ ಗೆಡ್ಡೆ ನಾಶವಾಗುತ್ತದೆ, ಆದರೆ ದಾರಿಯಲ್ಲಿರುವ ಒಳ್ಳೆಯ ಅಂಗಾಂಶವೂ ಸುಡುತ್ತದೆ. ಕಿರಣ ಮಂದವಾದರೆ ಎರಡಕ್ಕೂ ಏನೂ ಆಗುವುದಿಲ್ಲ. ಹಾಗಿದ್ದರೆ ಏನು ಮಾಡಬೇಕು? ಸುತ್ತಲಿನ ಹಲವು ದಿಕ್ಕುಗಳಿಂದ ಮಂದ ಕಿರಣಗಳನ್ನು ಬಿಟ್ಟು ಅವೆಲ್ಲ ಗೆಡ್ಡೆಯ ಮೇಲೆ ಸೇರುವಂತೆ ಮಾಡಬೇಕು. ಏನೂ ಸುಳಿವಿಲ್ಲದೆ ಇದನ್ನು ಕಂಡುಕೊಂಡವರು ಹತ್ತರಲ್ಲಿ ಒಬ್ಬರು.

ಇನ್ನು ಕೆಲವರಿಗೆ ಮೊದಲೇ ಒಂದು ಕಥೆ ಓದಿಸಿದ್ದರು. ಕೋಟೆಗೆ ಹೋಗುವ ದಾರಿಗಳಲ್ಲೆಲ್ಲ ನೆಲಬಾಂಬುಗಳಿವೆ. ಸಣ್ಣ ಗುಂಪು ದಾಟಬಹುದು, ದೊಡ್ಡ ಸೈನ್ಯ ನಡೆದರೆ ಸಿಡಿಯುತ್ತವೆ. ದಂಡನಾಯಕ ಸೈನ್ಯವನ್ನು ಚಿಕ್ಕ ತುಕಡಿಗಳಾಗಿ ಒಡೆದು, ಎಲ್ಲ ದಾರಿಗಳಿಂದ ಏಕಕಾಲಕ್ಕೆ ಕೋಟೆ ಸೇರಿಸುತ್ತಾನೆ. ಗೆಡ್ಡೆಯ ಉತ್ತರ ಕಥೆಯೊಳಗೇ ಇದೆ. ಕಥೆ ಓದಿ ಕೆಲವೇ ನಿಮಿಷಗಳಾಗಿವೆ. ಆದರೂ ತಾವಾಗಿಯೇ ಅದನ್ನು ಬಳಸಿ ಉತ್ತರ ಹೇಳಿದವರು ಸುಮಾರು ಶೇ 30 ಮಂದಿ. ‘ಈಗ ಓದಿದ ಕಥೆ ಉಪಯೋಗಕ್ಕೆ ಬರಬಹುದು’ ಎಂದು ಒಂದು ಮಾತು ಸೇರಿಸಿದ್ದೇ ತಡ, ಉತ್ತರ ಕಂಡವರು ಸುಮಾರು ಶೇ 75 ಆದರು. ಅವರ ಜ್ಞಾನಕ್ಕೆ ಹೊಸದಾಗಿ ಏನೂ ಸೇರಿರಲಿಲ್ಲ. ಯಾವ ಪೆಟ್ಟಿಗೆ ತೆರೆಯಬೇಕು ಎಂಬುದನ್ನಷ್ಟೇ ಯಾರೋ ತೋರಿಸಿದ್ದರು.

ನಿಮ್ಮ ಮಗನ ತೊಡಕು ಇರುವುದು ಇಲ್ಲೇ. ಪಾಠದ ಕೊನೆಯ ಅಭ್ಯಾಸದಲ್ಲಿ ಆ ಸುಳಿವನ್ನು ಪುಸ್ತಕವೇ ಕೊಟ್ಟುಬಿಟ್ಟಿರುತ್ತದೆ. ‘ಶೇಕಡಾವಾರು’ ಎಂಬ ಶೀರ್ಷಿಕೆಯ ಕೆಳಗೆ ಇಪ್ಪತ್ತು ಲೆಕ್ಕಗಳಿದ್ದರೆ ಯಾವ ವಿಧಾನ ಎಂದು ಯೋಚಿಸುವ ಕೆಲಸವೇ ಇಲ್ಲ. ಸಂಖ್ಯೆಗಳನ್ನು ಹುಡುಕಿ ಸೂತ್ರಕ್ಕೆ ತುಂಬಿದರಾಯಿತು. ಪರೀಕ್ಷೆಯಲ್ಲಿ ಶೀರ್ಷಿಕೆ ಇರುವುದಿಲ್ಲ. ಅಲ್ಲಿ ಗುರುತಿಸುವುದೇ ಅರ್ಧ ಕೆಲಸ, ಅದನ್ನು ಅವನು ಒಂದು ದಿನವೂ ಅಭ್ಯಾಸ ಮಾಡಿಲ್ಲ.

ಗುರುತಿಸುವವರು ಏನನ್ನು ನೋಡುತ್ತಾರೆ? 1981ರಲ್ಲಿ ಮಿಷೆಲೀನ್ ಚಿ ಮತ್ತು ಸಹೋದ್ಯೋಗಿಗಳು ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು, ಒಂದೇ ತೆರನಾದವನ್ನು ಒಟ್ಟಿಗೆ ಇಡಿ ಎಂದರು. ಹೊಸ ವಿದ್ಯಾರ್ಥಿಗಳು ಇಳಿಜಾರು ಹಲಗೆಯ ಲೆಕ್ಕಗಳನ್ನು ಒಂದು ಕಡೆ, ಸ್ಪ್ರಿಂಗಿನ ಲೆಕ್ಕಗಳನ್ನು ಇನ್ನೊಂದು ಕಡೆ ಇಟ್ಟರು. ಪಳಗಿದವರು ಶಕ್ತಿ ಸಂರಕ್ಷಣೆಯಿಂದ ಬಗೆಹರಿಯುವವು, ನ್ಯೂಟನ್ನನ ಎರಡನೇ ನಿಯಮದಿಂದ ಬಗೆಹರಿಯುವವು ಎಂದು ವಿಂಗಡಿಸಿದರು. ತೋಟದಲ್ಲೂ ಇದನ್ನು ದಿನವೂ ಕಾಣಬಹುದು. ಹೊಸಬನಿಗೆ ಹಳದಿಯಾದ ಮೆಣಸಿನ ಬಳ್ಳಿ ಎಂದರೆ ಒಂದೇ ಕಾಯಿಲೆ. ಅನುಭವಿ ಕೇಳುವುದು ಬೇರೆ: ಯಾವ ತಿಂಗಳಲ್ಲಿ ಶುರುವಾಯಿತು? ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೆಲವೇ ದಿನಗಳಲ್ಲಿ ಉದುರಿತೇ, ಮಳೆ ನಿಂತ ಮೇಲೆ ನಿಧಾನವಾಗಿ ಸೊರಗುತ್ತಾ ಬಂತೇ? ಬುಡದಲ್ಲಿ ನೀರು ನಿಲ್ಲುತ್ತದೆಯೇ? ಮೊದಲನೆಯದು ಶೀಘ್ರ ಸೊರಗು ರೋಗದ ಕಡೆಗೆ ಬೆರಳು ಮಾಡುತ್ತದೆ, ಎರಡನೆಯದಾದರೆ ಬೇರಿನ ಜಂತುಹುಳುವನ್ನು ಶಂಕಿಸಬೇಕು. ಬಣ್ಣ ಎರಡರಲ್ಲೂ ಹಳದಿಯೇ ಇರಬಹುದು.

ಈ ನೋಟ ಬೆಳೆಸುವುದು ಹೇಗೆ? ಅದೇ ಗಿಕ್ ಮತ್ತು ಹೋಲಿಯೋಕ್ 1983ರಲ್ಲಿ ಒಂದು ದಾರಿ ತೋರಿಸಿದರು. ಒಂದೇ ಕಥೆಯ ಬದಲು ಒಂದೇ ತಿರುಳಿನ ಎರಡು ಬೇರೆ ಬೇರೆ ಕಥೆಗಳನ್ನು ಕೊಟ್ಟು, ಇವೆರಡರಲ್ಲಿ ಸಮಾನವಾದದ್ದು ಏನು ಎಂದು ಬರೆಯಿಸಿದರೆ, ಮೂರನೆಯ ಸಮಸ್ಯೆಗೆ ಅದನ್ನು ತಾವಾಗಿಯೇ ಅನ್ವಯಿಸುವವರು ಹೆಚ್ಚಾಗುತ್ತಾರೆ. ಒಂದು ಉದಾಹರಣೆಯಲ್ಲಿ ತಿರುಳು ಯಾವುದು, ವೇಷ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಎರಡನ್ನು ಅಕ್ಕಪಕ್ಕ ಇಟ್ಟಾಗ ವೇಷ ತಾನಾಗಿ ಕಳಚುತ್ತದೆ. ಒಂದರ ಹಿಂದೆ ಒಂದು ಓದಿದರೆ ಸಾಲದು, ಹೋಲಿಸಲೇಬೇಕು.

ನಿಮ್ಮ ಮನೆಯಲ್ಲಿ ಇದಕ್ಕೆ ಸಾಮಗ್ರಿ ಧಾರಾಳವಾಗಿದೆ. ಓ.ಟಿ. ಲೆಕ್ಕ ಒಂದು. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಇನ್ನೊಂದು: ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾದರೆ 200 ಲೀಟರಿನ ಡ್ರಮ್ಮಿನಲ್ಲಿ ಶೇ ಅರ್ಧದ ದ್ರಾವಣ ಮಾಡಲು ಮೈಲುತುತ್ತ ಎಷ್ಟು? ಮೂರನೆಯದು ಅವನ ಪುಸ್ತಕದ ಅದಿರು. ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯಿಸಿ. ಸೂತ್ರ ಹೇಳಬೇಡಿ. ‘ಇದರಲ್ಲಿ ಚೀಲ ಯಾವುದು, ಬೀಜ ಯಾವುದು?’ ಎಂದು ಮಾತ್ರ ಕೇಳಿ. ಒಂದರಲ್ಲಿ ಒಟ್ಟು 50, ಒಂದರಲ್ಲಿ 200, ಒಂದರಲ್ಲಿ 80. ಶೇಕಡಾ ಎಂದರೆ ಆ ಒಟ್ಟನ್ನು 100 ಮಾಡಿಕೊಂಡು ನೋಡುವುದು, ಓ.ಟಿ. ಎಂದರೆ 50 ಮಾಡಿಕೊಂಡು ನೋಡುವುದು ಎಂಬುದನ್ನು ಅವನೇ ತನ್ನ ಮಾತಿನಲ್ಲಿ ಹೇಳಲಿ. ಓ.ಟಿ. 27 ಶೇಕಡಾ ಎಷ್ಟು ಎಂದು ಅವನು ಅರೆಗಳಿಗೆಯಲ್ಲಿ 54 ಎಂದರೆ ಸೇತುವೆ ಕಟ್ಟಿದಂತಾಯಿತು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವವರಾದರೆ ಈ ಮಾತುಕತೆ ಅದರಲ್ಲೇ ನಡೆಯಲಿ. ಬರೆಯುವುದು ಮಾತ್ರ ಶಾಲೆಯ ಭಾಷೆಯಲ್ಲಿ.

ಇದರ ಜೊತೆಗೆ ಒಂದು ಮೋಸದ ಲೆಕ್ಕವನ್ನೂ ಸೇರಿಸಿ. ಮೂವರು ಆಳುಗಳು ಒಂದು ಪಟ್ಟಿಯ ಕಾಫಿಯನ್ನು 8 ದಿನಗಳಲ್ಲಿ ಕೊಯ್ದರೆ ಆರು ಮಂದಿಗೆ ಎಷ್ಟು ದಿನ? ಇದರಲ್ಲೂ ಕಾಫಿ ಇದೆ, ತೋಟ ಇದೆ, ಆದರೆ ಓ.ಟಿ.ಯ ಜಾತಿಯಲ್ಲ. 16 ಎಂದು ಬರೆಯುವ ಮಕ್ಕಳು ಎಷ್ಟೋ ಮಂದಿ. ಹಿಂದಿನವರು ತ್ರೈರಾಶಿಯ (ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುವ ಲೆಕ್ಕ) ಪಕ್ಕದಲ್ಲೇ ವ್ಯಸ್ತ ತ್ರೈರಾಶಿಯನ್ನು (ಒಂದು ಹೆಚ್ಚಿದರೆ ಇನ್ನೊಂದು ತಗ್ಗುವ ಲೆಕ್ಕ) ಕಲಿಸುತ್ತಿದ್ದುದರಲ್ಲಿ ಜಾಣತನವಿತ್ತು. ವೇಷ ಬೇರೆಯಾದರೂ ತಿರುಳು ಒಂದೇ ಇರುವುದನ್ನು ಕಾಣಬೇಕು. ವೇಷ ಒಂದೇ ಆದರೂ ತಿರುಳು ಬೇರೆ ಇರುವುದನ್ನೂ ಕಾಣಬೇಕು. ಎರಡನೆಯದನ್ನು ಯಾರೂ ಕಲಿಸುವುದಿಲ್ಲವಾದ್ದರಿಂದ ಮಕ್ಕಳು ಒಂದು ಸೂತ್ರ ಸಿಕ್ಕಿತೆಂದರೆ ಕಂಡಕಂಡಲ್ಲಿ ಅದನ್ನೇ ಹಾಕುತ್ತಾರೆ.

ವಾರದಲ್ಲಿ ಒಂದೆರಡು ಸಲ ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಕಲಸಿ ಕೊಡಿ. ಬಿಡಿಸುವುದು ಆಮೇಲೆ, ಮೊದಲು ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಜಾತಿ, ಏಕೆ ಎಂದು ಒಂದು ಸಾಲು ಬರೆಯಲಿ. ಹೀಗೆ ಮಾಡಿದಾಗ ಆರಂಭದಲ್ಲಿ ತಪ್ಪುಗಳು ಹೆಚ್ಚುತ್ತವೆ, ಅವನು ಗೊಣಗುತ್ತಾನೆ, ನಿಮಗೂ ಅನುಮಾನ ಬರುತ್ತದೆ. ಆ ಹೊತ್ತಿಗೆ ಒಂದು ಫಲಿತಾಂಶ ನೆನಪಿಟ್ಟುಕೊಳ್ಳಿ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಒಂದು ಗುಂಪು ಒಂದೊಂದು ಬಗೆಯನ್ನು ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಗುಂಪಿಗೆ ಎಲ್ಲವನ್ನೂ ಕಲಸಿ ಕೊಟ್ಟರು. ಅಭ್ಯಾಸದ ವೇಳೆ ಮೊದಲ ಗುಂಪು ಶೇ 89 ಸರಿ, ಎರಡನೆಯದು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ 20ಕ್ಕೆ ಕುಸಿಯಿತು, ಕಲಸಿ ಕಲಿತವರು ಶೇ 63ರಲ್ಲಿ ನಿಂತರು. ಮನೆಪಾಠದ ನೋಟ್ ಪುಸ್ತಕದಲ್ಲಿ ಸಾಲುಸಾಲಾಗಿ ಬಿದ್ದ ಸರಿ ಗುರುತುಗಳನ್ನು ನೋಡಿ ಹಿಗ್ಗುವ ತಂದೆತಾಯಿಯರಿಗೆ ನಾನು ಮತ್ತೆಮತ್ತೆ ಹೇಳುವುದು ಇದನ್ನೇ.

ನಿಮ್ಮ ಸುಳಿವುಗಳನ್ನೂ ಕ್ರಮೇಣ ಕಡಿಮೆ ಮಾಡಬೇಕು. ‘ಚೀಲ ಯಾವುದು’ ಎಂಬ ಪ್ರಶ್ನೆಯನ್ನು ನೀವೇ ಕೊನೆಯವರೆಗೂ ಕೇಳುತ್ತಿದ್ದರೆ ಗುರುತಿಸುವ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ. ಸ್ವಲ್ಪ ದಿನಗಳ ನಂತರ ‘ಇಂಥದ್ದನ್ನು ಎಲ್ಲಿ ನೋಡಿದ್ದೀಯೆ?’ ಎನ್ನಿ. ಆಮೇಲೆ ಅದೂ ಬೇಡ.

ಇನ್ನು ನಿಮ್ಮ ವಿಷಯ. ಕೈಕೊಟ್ಟದ್ದು ಏನೆಂದು ನೀವು ಬರೆದಿಲ್ಲ. ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವುದು) ಇರಬಹುದೆಂದು ಊಹಿಸುತ್ತೇನೆ. ಅರೇಬಿಕಾದಲ್ಲಿ ಪಳಗಿದ ಕೈ ನೆರಳು ತೆಗೆಯಲು ಹಿಂಜರಿಯುತ್ತದೆ, ಸಕಾರಣವಾಗಿ. ಬಿಸಿಲು ಬೀಳುವ ಗಿಡದ ತೊಗಟೆಯ ಬಿರುಕುಗಳಲ್ಲಿ ಬಿಳಿ ಕಾಂಡಕೊರಕದ ದುಂಬಿ ಮೊಟ್ಟೆ ಇಡುತ್ತದೆ. ನೆರಳು ತೆಳುವಾದ ಅರೇಬಿಕಾ ತೋಟಕ್ಕೆ ಅದರ ಕಾಟ ಜಾಸ್ತಿ. ಹಾಗಾಗಿ ‘ನೆರಳು ಕಾಪಾಡು’ ಎಂಬುದು ನಿಮಗೆ ನಿಯಮವಾಗಿ ಕೂತಿದೆ. ರೊಬಸ್ಟಾಕ್ಕೆ ಈ ಕೀಟದ ಭಯ ಅಷ್ಟಾಗಿ ಇಲ್ಲ, ಅದು ಬಯಸುವುದು ತೆಳು ನೆರಳನ್ನು. ದಟ್ಟ ನೆರಳಿನ ಕೆಳಗೆ ಗಿಡ ಹಸಿರಾಗಿ ಸೊಂಪಾಗಿ ಕಾಣುತ್ತದೆ, ಹೂವು ಮಾತ್ರ ಕಡಿಮೆ. ನಿಯಮ ಅದರ ಕಾರಣದಿಂದ ಕಳಚಿಕೊಂಡು ತಾನೊಂದೇ ಪ್ರಯಾಣ ಮಾಡಿದೆ. ಕಾರಣವೂ ಜೊತೆಯಲ್ಲಿ ಬಂದಿದ್ದರೆ ಎಲ್ಲಿ ನಿಲ್ಲಬೇಕೆಂದು ಅದೇ ಹೇಳುತ್ತಿತ್ತು.

ಹೂಮಳೆಯ (ಕಾಫಿ ಹೂವನ್ನು ಅರಳಿಸುವ ಬೇಸಿಗೆ ಮಳೆ) ವಿಷಯದಲ್ಲೂ ಹೀಗೆಯೇ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ, ಜೇನು ಅದನ್ನು ಹೊತ್ತು ತರಬೇಕು. ಆದ್ದರಿಂದ ಹೂ ಬಿರಿದ ದಿನ ಮಳೆ ಹೊಡೆದರೆ ರೊಬಸ್ಟಾ ಬೆಳೆಗಾರನಿಗೆ ಬೀಳುವ ಪೆಟ್ಟು ದೊಡ್ಡದು, ಆ ದಿನ ಸ್ಪ್ರಿಂಕ್ಲರ್ ಓಡಿಸುವುದೂ ತಪ್ಪು. ತೋಟದಲ್ಲಿ ಜೇನುಪೆಟ್ಟಿಗೆ ಇಡಿ ಎಂಬ ಸಲಹೆಯ ಹಿಂದೆಯೂ ಇದೇ ಕಾರಣ ಕೆಲಸ ಮಾಡುತ್ತದೆ. ಮೂರು ಸೂಚನೆಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿದವನಿಗೆ ನಾಲ್ಕನೆಯ ಪರಿಸ್ಥಿತಿ ಎದುರಾದಾಗ ಕೈಯಲ್ಲಿ ಏನೂ ಇರುವುದಿಲ್ಲ. ಪರಾಗದ ಸಂಗತಿ ತಿಳಿದವನು ನಾಲ್ಕನೆಯದನ್ನು ತಾನೇ ಊಹಿಸಿಕೊಳ್ಳುತ್ತಾನೆ.

ಚಾರ್ಲ್ಸ್ ಜಡ್ ಎಂಬ ಅಮೆರಿಕದ ಮನೋವಿಜ್ಞಾನಿ 1908ರಲ್ಲೇ ಇದರ ಪ್ರಯೋಗ ವರದಿ ಮಾಡಿದ್ದರು. ನೀರಿನ ಅಡಿಯಲ್ಲಿರುವ ಗುರಿಗೆ ಹುಡುಗರು ಸಣ್ಣ ಬಾಣದಂಥ ಡಾರ್ಟ್ ಎಸೆಯಬೇಕು. ಒಂದು ಗುಂಪಿಗೆ ಬೆಳಕಿನ ವಕ್ರೀಭವನವನ್ನು, ಅಂದರೆ ನೀರಿನಲ್ಲಿ ಬೆಳಕು ಬಾಗುವುದನ್ನು ವಿವರಿಸಿದ್ದರು, ಇನ್ನೊಂದಕ್ಕೆ ಇಲ್ಲ. ಗುರಿ 12 ಅಂಗುಲ ಆಳದಲ್ಲಿದ್ದಾಗ ಎರಡು ಗುಂಪುಗಳೂ ಸಮ, ವಿವರಣೆಯಿಂದ ಏನೂ ಲಾಭವಿಲ್ಲ ಎನ್ನುವಂತಿತ್ತು. ಗುರಿಯನ್ನು 4 ಅಂಗುಲಕ್ಕೆ ಏರಿಸಿದಾಗ ಕಾರಣ ತಿಳಿದವರು ಬೇಗ ಹೊಂದಿಕೊಂಡರು, ಉಳಿದವರು ತಡವರಿಸಿದರು. ತೋಟದ ತರಬೇತಿಗಳಲ್ಲಿ ‘ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಅಷ್ಟು ಹೇಳಿ ಸಾಕು’ ಎನ್ನುವ ಬೆಳೆಗಾರರ ಆತುರ ನನಗೆ ಅರ್ಥವಾಗುತ್ತದೆ. ಆದರೂ ‘ಏಕೆ’ ಎಂಬುದನ್ನು ಕೇಳಿಯೇ ಎದ್ದು ಬನ್ನಿ. ಆಳ ಬದಲಾಗದ ವರ್ಷಗಳಲ್ಲಿ ಅದು ವ್ಯರ್ಥ ಎನಿಸಬಹುದು. ಮಳೆಯ ದಿನಗಳು ಹಿಂದುಮುಂದಾಗುವ ವರ್ಷಗಳಲ್ಲಿ ಅದೊಂದೇ ಕೆಲಸಕ್ಕೆ ಬರುತ್ತದೆ.

ಕೊನೆಗೆ ಅಬ್ಯಾಕಸ್ ಮತ್ತು ಚೆಸ್. ಬುದ್ಧಿಯನ್ನು ಒಂದು ಕಡೆ ಸಾಣೆ ಹಿಡಿದರೆ ಎಲ್ಲ ಕಡೆಯೂ ಹರಿತವಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಯುರೋಪು, ಅಮೆರಿಕಗಳಲ್ಲಿ ಲ್ಯಾಟಿನ್ ಕಲಿಸುತ್ತಿದ್ದುದಕ್ಕೂ ಇದೇ ಸಮರ್ಥನೆ ಇತ್ತು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1901ರಲ್ಲಿ ರಾಬರ್ಟ್ ವುಡ್‌ವರ್ತ್ ಜೊತೆಗೂಡಿ ಇದನ್ನು ಅಲುಗಾಡಿಸಿದ. ಒಂದು ಬಗೆಯ ಆಕೃತಿಗಳ ವಿಸ್ತೀರ್ಣ ಅಂದಾಜು ಮಾಡುವುದರಲ್ಲಿ ಪಳಗಿದವರು ಬೇರೆ ಆಕೃತಿಗಳಲ್ಲಿ ಅಷ್ಟೇ ಪಳಗಿರಲಿಲ್ಲ. 1924ರಲ್ಲಿ ಸಾವಿರಾರು ಹೈಸ್ಕೂಲು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಲ್ಯಾಟಿನ್ ಓದಿದವರ ಯೋಚನಾಶಕ್ತಿ ಬೇರೆ ವಿಷಯ ಓದಿದವರಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಿಲ್ಲ ಎಂದು ತೋರಿಸಿದ. 1980ರಲ್ಲಿ ವರದಿಯಾದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಒಬ್ಬ ಕಾಲೇಜು ವಿದ್ಯಾರ್ಥಿ ಒಂದೂವರೆ ವರ್ಷಕ್ಕೂ ಮೀರಿ ಅಭ್ಯಾಸ ಮಾಡಿ, ಒಮ್ಮೆ ಕೇಳಿದ 79 ಅಂಕಿಗಳನ್ನು ಅದೇ ಕ್ರಮದಲ್ಲಿ ಒಪ್ಪಿಸುವಷ್ಟಾದ. ಓಟಗಾರನಾಗಿದ್ದ ಅವನು ಅಂಕಿಗಳನ್ನು ಓಟದ ಸಮಯಗಳಾಗಿ ಕಟ್ಟಿಕೊಳ್ಳುತ್ತಿದ್ದ. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನಿಗೆ ನೆನಪಿದ್ದದ್ದು ಆರರಷ್ಟು, ಎಲ್ಲರಂತೆ.

ಅಬ್ಯಾಕಸ್ ಕಲಿತರೆ ಕೂಡುವುದು, ಕಳೆಯುವುದು, ಗುಣಿಸುವುದು ವೇಗವಾಗುತ್ತದೆ. ನಿಮ್ಮ ಮಗನಿಗೆ ಕಡಿಮೆ ಬಿದ್ದಿರುವುದು ವೇಗವಲ್ಲ, ಅದಕ್ಕೆ ಶುಲ್ಕ ಕಟ್ಟಬೇಡಿ. ಚೆಸ್ ಅವನಿಗೆ ಇಷ್ಟವಿದ್ದರೆ ಧಾರಾಳವಾಗಿ ಆಡಲಿ. ಒಳ್ಳೆಯ ಆಟ, ಮಳೆಗಾಲದ ಸಂಜೆಗಳಿಗೆ ಹೇಳಿಮಾಡಿಸಿದ್ದು. ಗಣಿತದ ಅಂಕ ಹೆಚ್ಚಾಗಲೆಂದು ಆಡಿಸಿದರೆ ಆಟವೂ ಕೆಡುತ್ತದೆ.